ಹಿಮದ ಗುಡ್ಡೆಗೂ ಕಾರಿಗೂ ನಡುವೆ

ಟೊರಾಂಟೊದಲ್ಲಿ ಡಿಸೆಂಬರ್ ಎರಡನೆಯ ವಾರ ಸೂರ್ಯ ಮುಳುಗುವುದು ಸಂಜೆ ನಾಲ್ಕೂ ನಲವತ್ತರ ಆಸುಪಾಸಿಗೆ. ಆಫೀಸು ಬಿಡುವ ಹೊತ್ತಿಗೆ ಕಗ್ಗತ್ತಲು. ರಾತ್ರಿ ಬಿದ್ದ ಹಿಮವನ್ನು ಬೆಳಗಿನ ಜಾವ ಬಂದ ಪ್ಲೌ ಲಾರಿ ರಸ್ತೆಯ ಬಲ ಅಂಚಿಗೆ ತಳ್ಳಿ ಹೋಗಿರುತ್ತದೆ. ಕಾರುಗಳಿಗೇನೋ ದಾರಿಯಾಯಿತು. ಆದರೆ ಆ ಬಲ ಅಂಚೇ ಬೇಸಿಗೆಯುದ್ದಕ್ಕೂ ಸೈಕಲ್ ಹೋಗುತ್ತಿದ್ದ ಜಾಗ. ಈಗ ಅಲ್ಲಿ ಮೊಣಕಾಲೆತ್ತರದ ಗುಡ್ಡೆ, ಉಪ್ಪು ಮಣ್ಣು ಬೆರೆತು ಬೂದಿಬಣ್ಣಕ್ಕೆ ತಿರುಗಿದ, ಹಗಲು ಒಂದಿಷ್ಟು ಕರಗಿ ರಾತ್ರಿ ಕಲ್ಲಾಗುವ ಗುಡ್ಡೆ. ಸೈಕಲ್ ಸವಾರ ಎಡಕ್ಕೆ ಸರಿಯದೆ ವಿಧಿಯಿಲ್ಲ. ಹಿಂದಿನ ಕಾರಿನವನಿಗೆ ಮಾತ್ರ ‘ಇವನೇಕೆ ನಡುರಸ್ತೆಗೆ ಬಂದ?’ ಎಂಬ ಸಿಟ್ಟು.

ಚಳಿಗಾಲದಲ್ಲಿ ಚಾಲಕರು ಸೈಕಲ್ಲಿನವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬ ಮಾತು ಬಂದಾಗಲೆಲ್ಲ ಎರಡೂ ಕಡೆಯವರು ಸ್ವಭಾವದ ಮೇಲೆ ಹೋಗುತ್ತಾರೆ. ಕಾರಿನವರಿಗೆ ಸೊಕ್ಕು, ಸೈಕಲ್ಲಿನವರಿಗೆ ಹುಚ್ಚು. ಸ್ವಭಾವದ ಪಾಲು ಇದ್ದೇ ಇದೆ. ಆದರೆ ನವೆಂಬರ್ ಬಂತೆಂದು ಊರಿಗೆ ಊರೇ ಒರಟಾಗುವುದುಂಟೆ? ಬದಲಾಗುವುದು ರಸ್ತೆಯ ಅಗಲ, ಗಾಜಿನ ಮೇಲಿನ ಕೊಳೆ, ಬಿಸಿಲು ಬೀಳುವ ಕೋನ ಮತ್ತು ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲುವ ದೂರ. ಇವಿಷ್ಟನ್ನು ತಿಳಿದುಕೊಂಡರೆ ಸ್ಟಿಯರಿಂಗ್ ಹಿಡಿದವರೂ ಹ್ಯಾಂಡಲ್ ಹಿಡಿದವರೂ ಮುಕ್ಕಾಲು ಪಾಲು ಜಗಳವನ್ನು ತಪ್ಪಿಸಬಹುದು.

ಇದು ಕನ್ನಡದ ಓದುಗರಿಗೆ ದೂರದ ಮಾತೇನಲ್ಲ. ಟೊರಾಂಟೊ, ಬ್ರಾಂಪ್ಟನ್, ವಾಟರ್‌ಲೂ ಕಡೆ ಓದಲು ಹೋದ ಮಕ್ಕಳಿರುವ ಮನೆಗಳು ಮೈಸೂರು, ದಾವಣಗೆರೆ, ಹುಬ್ಬಳ್ಳಿಗಳಲ್ಲೂ ಇವೆ. ಬೆನ್ನಿಗೆ ಚೌಕದ ಚೀಲ ಏರಿಸಿಕೊಂಡು ಇ-ಬೈಕಿನಲ್ಲಿ ಊಟ ತಲುಪಿಸುವವರಲ್ಲಿ ಭಾರತದಿಂದ ಹೋದ ವಿದ್ಯಾರ್ಥಿಗಳು ಎದ್ದು ಕಾಣುತ್ತಾರೆ. ಅವರಲ್ಲೇ ಎಷ್ಟೋ ಮಂದಿ ಕೆಲಸ ಸಿಕ್ಕ ಮೇಲೆ ಹಳೆಯದೊಂದು ಕಾರು ಕೊಂಡು ಆಚೆಯ ಪಕ್ಷ ಸೇರುತ್ತಾರೆ. ಹಾಗಾಗಿ ಸಲಹೆ ಇಬ್ಬರಿಗೂ ಬೇಕು.

ಊರಿನಿಂದ ಹೊತ್ತು ತಂದ ಎರಡು ಅಭ್ಯಾಸಗಳನ್ನು ಮೊದಲೇ ಬಿಡಬೇಕು. ಕೆನಡಾದಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುತ್ತವೆ. ಸೈಕಲ್ಲಿಗೆ ಅಪಾಯ ಬರುವುದು ಎಡಹಿಂದಿನಿಂದ, ತಿರುಗಿ ನೋಡಬೇಕಾದದ್ದು ಎಡಭುಜದ ಮೇಲಿನಿಂದ. ಬೆಂಗಳೂರಿನಲ್ಲಿ ಬೆಳೆದವರ ಕತ್ತು ಗಾಬರಿಯಲ್ಲಿ ಬಲಕ್ಕೇ ತಿರುಗುತ್ತದೆ. ಎರಡನೆಯದು ಹಾರ್ನ್. ನಮ್ಮಲ್ಲಿ ಹಾರ್ನ್ ಹೊಡೆಯುವುದು ‘ನಾನು ಬರುತ್ತಿದ್ದೇನೆ’ ಎಂದು ತಿಳಿಸುವುದಕ್ಕೆ, ಒಂದು ಬಗೆಯಲ್ಲಿ ಮರ್ಯಾದೆ. ಅಲ್ಲಿ ಅದು ಬೈಗುಳ. ಮಂಜುಗಡ್ಡೆಯ ಮೇಲೆ ತೋಲ ಹಿಡಿದು ಹೋಗುತ್ತಿರುವವನ ಬೆನ್ನಿಗೆ ಹಾರ್ನ್ ಹೊಡೆದರೆ ಅವನು ಬೆಚ್ಚಿ ಹ್ಯಾಂಡಲ್ ತಿರುಗಿಸುತ್ತಾನೆ, ಚಕ್ರ ಜಾರುತ್ತದೆ.

ಗಾಜಿನ ಒಳಗಿನಿಂದ

ಮೈನಸ್ ಹತ್ತು ಡಿಗ್ರಿಯ ಬೆಳಗ್ಗೆ, ರಾತ್ರಿಯೆಲ್ಲ ಬಯಲಲ್ಲಿ ನಿಂತ ಕಾರಿನ ಗಾಜಿನ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅದನ್ನು ಪೂರ್ತಿ ಕೆರೆಯುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕಣ್ಣಿನ ನೇರಕ್ಕೆ ಅಂಗೈಯಗಲ ಕೆರೆದು, ಉಳಿದದ್ದು ಹೀಟರಿನಿಂದ ದಾರಿಯಲ್ಲಿ ಕರಗಲಿ ಎಂದು ಹೊರಡುವವರು ಬಹಳ. ಆ ಕಿಂಡಿಯಿಂದ ಮುಂದಿನ ಕಾರು ಕಾಣುತ್ತದೆ, ಸಿಗ್ನಲ್ ಕಾಣುತ್ತದೆ, ಬಲ ಅಂಚಿನಲ್ಲಿ ಹೋಗುವ ಸೈಕಲ್ ಮಾತ್ರ ಕಾಣುವುದಿಲ್ಲ. ಗಾಜು ಮುಚ್ಚಿಕೊಂಡ ಗಾಡಿ ಓಡಿಸುವುದು ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಹೆದ್ದಾರಿ ಸಂಚಾರ ಕಾಯ್ದೆಯ ಪ್ರಕಾರ ಅಪರಾಧ. ಬ್ರಿಟನ್ನಿನ ‘ಹೈವೇ ಕೋಡ್’ ತನ್ನ 229ನೆಯ ನಿಯಮದಲ್ಲಿ ಹಿಮದ ದಿನ ಹೊರಡುವ ಮುನ್ನ ಎಲ್ಲ ಕಿಟಕಿಗಳನ್ನೂ, ದೀಪಗಳನ್ನೂ, ನಂಬರ್ ಪ್ಲೇಟನ್ನೂ ಒರೆಸಬೇಕೆನ್ನುತ್ತದೆ. ಮುಂದೆ ಹೋಗುವಾಗ ಹಿಮದ ಹೆಂಟೆ ಉದುರಿ ಪಕ್ಕದವರ ಮೇಲೆ ಬೀಳಬಾರದೆಂದು ಕಾರಿನ ನೆತ್ತಿಯ ಹಿಮವನ್ನೂ ತೆಗೆಯಿರಿ ಎಂದು ಸೇರಿಸುತ್ತದೆ. ಕಾರಿನ ಗಾಜಿಗೆ ಬಡಿದರೆ ಪುಡಿಯಾಗುವ ಹೆಂಟೆ ಸೈಕಲ್ ಸವಾರನನ್ನು ಬೀಳಿಸಬಲ್ಲದು.

ಪದರ ಕರಗಿದ ಮೇಲೂ ಗಾಜು ಶುದ್ಧವಾಗುವುದಿಲ್ಲ. ರಸ್ತೆಗೆ ಚೆಲ್ಲಿದ ಉಪ್ಪು ಕರಗಿ, ಮುಂದಿನ ಲಾರಿಯ ಚಕ್ರದಿಂದ ಎರಚಿ, ಗಾಜಿನ ಮೇಲೆ ಒಣಗಿ ಬಿಳಿ ಪೊರೆಯಾಗುತ್ತದೆ. ಇದರ ಮೇಲೆ ಬಿಸಿಲು ಬಿದ್ದರೆ ಮುಗಿಯಿತು. ಡಿಸೆಂಬರ್ 21ರ ನಡುಹಗಲಿನಲ್ಲೂ ಟೊರಾಂಟೊದ ಸೂರ್ಯ ದಿಗಂತದಿಂದ ಮೇಲೇರುವುದು ಸುಮಾರು 23 ಡಿಗ್ರಿ ಮಾತ್ರ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿಗಿಂತ ಹೆಚ್ಚು. ಅಂದರೆ ಅಲ್ಲಿ ಚಳಿಗಾಲದ ಬಿಸಿಲು ಬೆಳಗಿನಿಂದ ಸಂಜೆಯವರೆಗೂ ಚಾಲಕನ ಕಣ್ಣಿಗೇ ಹೊಡೆಯುತ್ತದೆ. ಬ್ಲೂರ್, ಕ್ವೀನ್, ಡಂಡಾಸ್‌ನಂಥ ಪೂರ್ವ-ಪಶ್ಚಿಮದ ಉದ್ದನೆಯ ರಸ್ತೆಗಳಲ್ಲಿ ಇದರ ಕಾಟ ಹೆಚ್ಚು.

ಸೈಕಲ್ಲಿನವರು ಇಲ್ಲಿ ಒಂದು ಸುಲಭದ ಲೆಕ್ಕ ಕಲಿತಿರಬೇಕು. ತಮ್ಮ ನೆರಳು ಯಾವ ದಿಕ್ಕಿಗೆ ಉದ್ದವಾಗಿ ಚಾಚಿದೆ ಎಂದು ನೋಡಿಕೊಳ್ಳುವುದು. ನೆರಳು ಮುಂದಕ್ಕಿದ್ದರೆ ಎದುರಿನಿಂದ ಬಂದು ಅಡ್ಡ ತಿರುಗುವ ಚಾಲಕನ ಕಣ್ಣಿಗೆ ಬಿಸಿಲಿದೆ, ಅವನಿಗೆ ಸೈಕಲ್ ಕಾಣುತ್ತಿಲ್ಲ. ನೆರಳು ಹಿಂದಕ್ಕಿದ್ದರೆ ಬೆನ್ನ ಹಿಂದಿನವನ ಕಣ್ಣು ಕುಕ್ಕುತ್ತಿದೆ. ಅಂಥ ಹೊತ್ತಿನಲ್ಲಿ ಹಗಲಾದರೂ ದೀಪ ಉರಿಸಬೇಕು, ಸಾಧ್ಯವಾದರೆ ಉತ್ತರ-ದಕ್ಷಿಣದ ಗಲ್ಲಿ ಹಿಡಿಯಬೇಕು. ಕಣ್ಣು ಕುಕ್ಕಿದ ಚಾಲಕ ಮಾಡಬೇಕಾದದ್ದು ಇನ್ನೂ ಸರಳ: ವೇಗ ಇಳಿಸುವುದು, ಅಗತ್ಯ ಬಿದ್ದರೆ ನಿಲ್ಲಿಸುವುದು. ‘ಬಿಸಿಲಿತ್ತು, ಕಾಣಲಿಲ್ಲ’ ಎನ್ನುವುದು ಕಾಣದಿದ್ದರೂ ಓಡಿಸಿದೆ ಎಂದು ಒಪ್ಪಿಕೊಂಡಂತೆಯೇ.

ಇನ್ನು ಬ್ರೇಕಿನ ಮಾತು. ಬ್ರಿಟನ್ನಿನ ಅದೇ ಕೋಡ್ ಕೊಡುವ ಲೆಕ್ಕದಲ್ಲಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ 14 ಮೀಟರಿನಲ್ಲಿ ನಿಲ್ಲುತ್ತದೆ, ಚಾಲಕ ಎಚ್ಚೆತ್ತುಕೊಳ್ಳುವ ಹೊತ್ತಿನಲ್ಲಿ ಓಡುವ 9 ಮೀಟರ್ ಬೇರೆ. ಒದ್ದೆ ರಸ್ತೆಯಲ್ಲಿ ಇದರ ಎರಡರಷ್ಟು ಅಂತರ ಬೇಕು, ಮಂಜುಗಡ್ಡೆಯ ಮೇಲೆ ಹತ್ತರಷ್ಟೂ ಬೇಕಾದೀತು. 14 ಮೀಟರ್ 140 ಆಗುತ್ತದೆ! ಸೈಕಲ್ಲಿನ ಹಿಂದೆ ಮೂರು ಮೀಟರ್ ಅಂತರದಲ್ಲಿ ಅಂಟಿಕೊಂಡು ಬರುವ ಕಾರಿನವನಿಗೆ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಸೈಕಲ್ ಜಾರಿ ಬಿದ್ದರೆ ಅವನ ಮನಸ್ಸು ಒಳ್ಳೆಯದಿದ್ದು ಪ್ರಯೋಜನವಿಲ್ಲ, ಕಾರು ನಿಲ್ಲುವುದಿಲ್ಲ. ಒಂಟಾರಿಯೊದಲ್ಲಿ ಚಳಿಗಾಲದ ಟೈರು ಕಡ್ಡಾಯವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಪಕ್ಕದ ಕ್ಯುಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ.

ಕಾಣುವುದು ಬೇರೆ, ಜಾಗ ಬಿಡುವುದು ಬೇರೆ

‘ಹಳದಿ ಜಾಕೆಟ್ ಹಾಕಿಕೋ, ಎಲ್ಲರೂ ದೂರದಿಂದ ಹೋಗುತ್ತಾರೆ’ ಎಂಬ ಬುದ್ಧಿಮಾತು ಎಲ್ಲ ಚಳಿದೇಶಗಳಲ್ಲೂ ಚಾಲ್ತಿಯಲ್ಲಿದೆ. ಇದು ಅರ್ಧ ನಿಜ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ 2006ರಲ್ಲಿ ತಮ್ಮ ಸೈಕಲ್ಲಿಗೆ ಅಂತರ ಅಳೆಯುವ ಸಾಧನ ಕಟ್ಟಿಕೊಂಡು ಸಾಲಿಸ್ಬರಿ, ಬ್ರಿಸ್ಟಲ್ ಊರುಗಳಲ್ಲಿ ತಿರುಗಾಡಿದರು. 2300ಕ್ಕೂ ಹೆಚ್ಚು ವಾಹನಗಳು ಅವರನ್ನು ಹಿಂದಿಕ್ಕಿದ್ದು ದಾಖಲಾಯಿತು. ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ಹೋದವು. ಹಿಂದಿನಿಂದ ಹೆಂಗಸಿನಂತೆ ಕಾಣಲೆಂದು ಉದ್ದ ಕೂದಲಿನ ಟೋಪನ್ ಹಾಕಿದಾಗ 14 ಸೆಂಟಿಮೀಟರ್ ಹೆಚ್ಚು ಜಾಗ ಬಿಟ್ಟವು. ಪ್ರಯೋಗದ ನಡುವೆ ಒಂದು ಬಸ್ಸು, ಒಂದು ಲಾರಿ ಅವರಿಗೆ ಬಡಿದವು. ಎರಡು ಸಲವೂ ತಲೆಯ ಮೇಲೆ ಹೆಲ್ಮೆಟ್ ಇತ್ತು. ಹೆಲ್ಮೆಟ್ಟಿನ ಈ ಫಲಿತಾಂಶವನ್ನು 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಪ್ರಶ್ನಿಸಿದರು, ವಾದ ಮುಂದುವರಿಯಿತು. ಹೆಲ್ಮೆಟ್ ತೆಗೆದಿಡಲು ಇದು ನೆಪವಾಗಬಾರದು. ಮಂಜಿನ ಮೇಲೆ ಜಾರಿ ಬೀಳುವುದಕ್ಕೆ ಕಾರೇ ಬೇಕೆಂದಿಲ್ಲ.

ವಾಕರ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆ ಸಲ ಪರೀಕ್ಷಿಸಿದ್ದು ಬಟ್ಟೆಯನ್ನು: ರೇಸಿನವರ ಬಿಗಿ ಉಡುಪು, ದಿನಬಳಕೆಯ ಅಂಗಿ, ಹೊಳೆಯುವ ಹಳದಿ ಜಾಕೆಟ್, ಹೀಗೆ ಹಲವು ಬಗೆ. ಅಂತರದಲ್ಲಿ ಹೇಳಿಕೊಳ್ಳುವ ಹೆಚ್ಚಳ ಕಂಡದ್ದು ಒಂದೇ ಒಂದು ಜಾಕೆಟ್ಟಿಗೆ. ಅದರ ಬೆನ್ನಿನ ಮೇಲೆ ಪೊಲೀಸ್ ಎಂದು ಬರೆದಿತ್ತು, ಚಿತ್ರೀಕರಣ ನಡೆಯುತ್ತಿದೆ ಎಂಬ ಸೂಚನೆಯೂ ಇತ್ತು. ಯಾವ ಬಟ್ಟೆ ತೊಟ್ಟರೂ ನೂರರಲ್ಲಿ ಒಬ್ಬಿಬ್ಬರು ಅರ್ಧ ಮೀಟರಿಗಿಂತ ಹತ್ತಿರದಿಂದಲೇ ಹೋದರು. ಆ ಒಬ್ಬಿಬ್ಬರನ್ನು ತಿದ್ದುವ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಕಂಡೂ ಜಾಗ ಬಿಡದವರು ಅವರು.

ಹಾಗಾದರೆ ಜಾಕೆಟ್ ದಂಡವೇ? ಅಲ್ಲ. ಡೆನ್ಮಾರ್ಕಿನ ಆಲ್‌ಬೋರ್ ವಿಶ್ವವಿದ್ಯಾಲಯದವರು ಸುಮಾರು 6800 ಸೈಕಲ್ ಸವಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳದಿ ಜಾಕೆಟ್ ಕೊಟ್ಟು ಒಂದು ವರ್ಷ ಗಮನಿಸಿದರು. ಜಾಕೆಟ್ ಸಿಕ್ಕವರಲ್ಲಿ ಬೇರೆಯವರಿಗೆ ಡಿಕ್ಕಿಯಾಗಿ ಗಾಯಗೊಂಡ ಪ್ರಸಂಗಗಳು, ಎರಡು ಗುಂಪುಗಳು ವರದಿ ಮಾಡುವುದರಲ್ಲಿನ ಏರುಪೇರನ್ನು ಸರಿದೂಗಿಸಿದ ಮೇಲೂ, 38 ಶೇಕಡ ಕಡಿಮೆಯಿದ್ದವು. ನೋಡದೆ ಡಿಕ್ಕಿ ಹೊಡೆಯುವವರಿಂದ ಜಾಕೆಟ್ ಕಾಪಾಡುತ್ತದೆ, ನೋಡಿಯೂ ಒತ್ತುವವರಿಂದ ಕಾಪಾಡುವುದಿಲ್ಲ ಎಂದು ಎರಡು ಅಧ್ಯಯನಗಳನ್ನು ಕೂಡಿಸಿ ಓದಬಹುದು.

ಕತ್ತಲಾದ ಮೇಲೆ ಲೆಕ್ಕ ಮತ್ತೆ ಬದಲು. ಕಣ್ಣು ಕೋರೈಸುವ ಹಳದಿ, ಕಿತ್ತಳೆ ಬಣ್ಣಗಳು ಹೊಳೆಯುವುದು ಸೂರ್ಯನ ಅತಿನೇರಳೆ ಕಿರಣಗಳಿಂದ. ಸಂಜೆ ಐದಕ್ಕೆ ಆ ಕಿರಣವೂ ಇಲ್ಲ, ಹೊಳಪೂ ಇಲ್ಲ. ಆಗ ಬೇಕಾದದ್ದು ಕಾರಿನ ದೀಪವನ್ನು ಹಿಂದಕ್ಕೆ ಮರಳಿಸುವ ಪಟ್ಟಿ. ಅದನ್ನು ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಗುಟ್ಟಿದೆ. ಆಸ್ಟ್ರೇಲಿಯಾದ ಜೊಆನ್ ವುಡ್ ಮತ್ತು ಸಂಗಡಿಗರು ರಾತ್ರಿಯ ರಸ್ತೆಯಲ್ಲಿ ಚಾಲಕರನ್ನು ಪರೀಕ್ಷಿಸಿದಾಗ ಕಪ್ಪು ಬಟ್ಟೆಯ ಸವಾರನನ್ನು ಗುರುತಿಸಿದ್ದು 2 ಶೇಕಡ ಸಲ, ಬರೀ ಹೊಳಪು ಬಣ್ಣದ ಜಾಕೆಟ್ಟಿನವನನ್ನು 15 ಶೇಕಡ, ಬೆಳಕು ಮರಳಿಸುವ ಜಾಕೆಟ್ಟಿನವನನ್ನು 50 ಶೇಕಡ. ಅದರ ಜತೆಗೆ ಮೊಣಕಾಲಿಗೂ ಕಾಲಿನ ಹರಡಿಗೂ ಪಟ್ಟಿ ಕಟ್ಟಿದವನನ್ನು 90 ಶೇಕಡ. ಮೇಲೆ ಕೆಳಗೆ ಆಡುವ ಎರಡು ಚುಕ್ಕೆಗಳನ್ನು ಕಂಡೊಡನೆ ಮಿದುಳಿಗೆ ‘ಇದು ಮನುಷ್ಯ’ ಎಂದು ಹೊಳೆಯುತ್ತದೆ. ಅಲ್ಲಾಡದ ಬೆಳಕು ಡಬ್ಬವೋ ಕಂಬವೋ ಏನೂ ಆಗಿರಬಹುದು. ಜಾಕೆಟ್ ಒಂದೇ ಮಾಡಲಾಗದ ಕೆಲಸವನ್ನು ಅದರ ಜತೆ ಸೇರಿದ ಕಾಲುಪಟ್ಟಿ ಮಾಡುತ್ತದೆ. ಜಾಕೆಟ್ ಮಾರುವವರು ಈ ಮಾತನ್ನು ಗಟ್ಟಿಯಾಗಿ ಹೇಳುವುದಿಲ್ಲ.

ಅಂಚು ಬೇಡ, ಅರ್ಧವೂ ಬೇಡ

ಹೊಸಬರು ಮಾಡುವ ದೊಡ್ಡ ತಪ್ಪು ಸಂಕೋಚದ್ದು. ಕಾರಿನವರಿಗೆ ಯಾಕೆ ತೊಂದರೆ ಎಂದು ಹಿಮದ ಗುಡ್ಡೆಗೆ ಉಜ್ಜಿಕೊಂಡು ಹೋಗುತ್ತಾರೆ. ಆ ಅಂಚಿನಲ್ಲೇ ಕರಗಿದ ನೀರು ಹರಿದು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ, ಅಲ್ಲೇ ಚರಂಡಿಯ ಜಾಲರಿ ಇರುತ್ತದೆ, ನಿಂತ ಕಾರುಗಳ ಬಾಗಿಲು ತೆರೆದುಕೊಳ್ಳುವುದೂ ಅಲ್ಲಿಗೇ. ಗುಡ್ಡೆಗೆ ಪೆಡಲ್ ತಾಗಿದರೆ ಸೈಕಲ್ ಬೀಳುವುದು ಎಡಕ್ಕೆ, ಕಾರಿನ ಚಕ್ರದ ಕಡೆಗೆ.

ಇನ್ನು ಕೆಲವರು ಅಂಚಿನಿಂದ ಒಂದು ಮೀಟರ್ ಈಚೆಗೆ ಬಂದು, ಲೇನಿನ ಕಾಲುಭಾಗದಲ್ಲಿ ಹೋಗುತ್ತಾರೆ. ಬೇಸಿಗೆಯ ಅಗಲ ರಸ್ತೆಯಲ್ಲಿ ಇದು ಸರಿ. ಚಳಿಗಾಲದ ಇಕ್ಕಟ್ಟಿನಲ್ಲಿ ಇದೂ ಅಪಾಯವೇ. ವಾಕರ್ ಅವರ 2006ರ ಅಳತೆಯಲ್ಲಿ ಇದಕ್ಕೆ ಪುರಾವೆಯಿದೆ. ಅವರು ಅಂಚಿನಿಂದ ದೂರ ಬಂದಷ್ಟೂ ವಾಹನಗಳು ಬಿಟ್ಟ ಜಾಗ ಕಡಿಮೆಯಾಯಿತು. ಚಾಲಕರು ಸೈಕಲ್ ಎಲ್ಲಿದೆ ಎಂದು ನೋಡಿ ತಮ್ಮ ದಾರಿಯನ್ನು ಅಷ್ಟಕ್ಕೆ ಅಷ್ಟು ಬದಲಿಸುವುದಿಲ್ಲ, ತೂರಿಕೊಂಡು ಹೋಗಲು ಸಾಧ್ಯವೆಂದು ಕಂಡರೆ ತೂರಿಕೊಂಡೇ ಹೋಗುತ್ತಾರೆ. ಆದ್ದರಿಂದ ತೂರಲು ಸಾಧ್ಯವೇ ಇಲ್ಲ ಎಂದು ದೂರದಿಂದಲೇ ತಿಳಿಯುವ ಹಾಗೆ, ಹಿಮ ಲೇನನ್ನು ನುಂಗಿರುವ ಕಡೆ ಉಳಿದ ಲೇನಿನ ನಟ್ಟನಡುವೆ ಹೋಗುವುದೇ ಮೇಲು. ಕಾರಿನ ಚಕ್ರಗಳು ಉಜ್ಜಿ ಟಾರು ತೆರೆದುಕೊಂಡಿರುವ ಪಟ್ಟಿಯೂ ಅಲ್ಲೇ ಪಕ್ಕದಲ್ಲಿರುತ್ತದೆ.

ಇದು ಪುಂಡತನವಲ್ಲ, ನಿಯಮ ಒಪ್ಪುವ ನಡೆ. ಒಂಟಾರಿಯೊ ಸಾರಿಗೆ ಸಚಿವಾಲಯದ ಸೈಕಲ್ ಕೈಪಿಡಿ ಸುರಕ್ಷತೆಗೆ ಬೇಕಾದರೆ ಲೇನಿನ ಯಾವ ಭಾಗವನ್ನಾದರೂ ಬಳಸಬಹುದೆನ್ನುತ್ತದೆ. ಬ್ರಿಟನ್ನಿನ ಹೈವೇ ಕೋಡ್‌ಗೆ 2022ರ ಜನವರಿ 29ರಿಂದ ಬಂದ ತಿದ್ದುಪಡಿ ಶಾಂತ ರಸ್ತೆಗಳಲ್ಲಿ, ನಿಧಾನದ ಸಂಚಾರದಲ್ಲಿ, ಕೂಡುರಸ್ತೆಗಳ ಬಳಿ ಲೇನಿನ ನಡುವೆ ಹೋಗಿ ಎಂದೇ ಹೇಳುತ್ತದೆ. ಲೇನು ಹಿಡಿಯುವ ಮುನ್ನ ಎಡಭುಜದ ಮೇಲಿಂದ ನೋಡಿ, ಎಡಗೈ ಚಾಚಿ ತಿಳಿಸಿ, ಕಾರು ಹತ್ತಿರವಾಗುವ ಮೊದಲೇ ಸರಿದಿರಬೇಕು. ಕೊನೆಯ ಕ್ಷಣದಲ್ಲಿ ಗುಡ್ಡೆ ಕಂಡು ಚಿಮ್ಮುವುದು ಯಾರಿಗೂ ಕ್ಷೇಮವಲ್ಲ. ಹಿಂದೆ ನಾಲ್ಕೈದು ಕಾರು ಸಾಲುಗಟ್ಟಿದರೆ ಅಗಲ ಸಿಕ್ಕ ಕಡೆ ಬಲಕ್ಕೆ ಸರಿದು ಬಿಟ್ಟುಕೊಡಬೇಕು, ಕಾನೂನೂ ಅದನ್ನು ಬಯಸುತ್ತದೆ. ಬಿಟ್ಟುಕೊಡುವಾಗ ಕೈಯೆತ್ತಿದರೆ ಹಿಂದಿನವರ ಸಿಟ್ಟು ಅರ್ಧ ಇಳಿದಿರುತ್ತದೆ.

ಕಾಯುವುದರಿಂದ ಚಾಲಕನಿಗೆ ಆಗುವ ನಷ್ಟವೆಷ್ಟು? ಗಂಟೆಗೆ 18 ಕಿ.ಮೀ. ವೇಗದ ಸೈಕಲ್ 200 ಮೀಟರ್ ಕಳೆಯಲು 40 ಸೆಕೆಂಡು ಬೇಕು. 40 ಕಿ.ಮೀ. ವೇಗದಲ್ಲಿ ಹೋಗಬಹುದಾಗಿದ್ದ ಕಾರಿಗೆ 18 ಸೆಕೆಂಡು. ಕಳೆದುಕೊಂಡದ್ದು 22 ಸೆಕೆಂಡು. ಮುಂದಿನ ಕೆಂಪು ದೀಪದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ನಿಲ್ಲಬೇಕಾಗುತ್ತದೆ.

ಒಂದು ಮೀಟರಿನ ಕಾನೂನು

ಒಂಟಾರಿಯೊದಲ್ಲಿ 2015ರ ಸೆಪ್ಟೆಂಬರ್ 1ರಿಂದ ಸೈಕಲ್ಲನ್ನು ಹಿಂದಿಕ್ಕುವ ವಾಹನ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಒಂದು ಮೀಟರ್ ಜಾಗ ಬಿಡಬೇಕು. ತಪ್ಪಿದರೆ 110 ಡಾಲರ್ ದಂಡ, ಲೈಸೆನ್ಸಿಗೆ ಎರಡು ಕಪ್ಪು ಅಂಕ. ಅಷ್ಟು ಜಾಗಕ್ಕಾಗಿ ಎದುರು ದಾರಿ ಖಾಲಿಯಿದ್ದರೆ ನಡುಗೆರೆ ದಾಟಬಹುದು, ಖಾಲಿಯಿಲ್ಲದಿದ್ದರೆ ಕಾಯಬೇಕು. ಕ್ಯುಬೆಕ್‌ನಲ್ಲಿ 50 ಕಿ.ಮೀ. ಮಿತಿಯ ರಸ್ತೆಗಳಲ್ಲಿ ಒಂದು ಮೀಟರ್, ಅದಕ್ಕಿಂತ ವೇಗದ ರಸ್ತೆಗಳಲ್ಲಿ ಒಂದೂವರೆ. ಜರ್ಮನಿ 2020ರ ಏಪ್ರಿಲ್‌ನಲ್ಲಿ ಊರೊಳಗೆ ಒಂದೂವರೆ, ಊರ ಹೊರಗೆ ಎರಡು ಮೀಟರ್ ಎಂದು ಗೊತ್ತುಮಾಡಿತು. ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆಯ ಕನ್ನಡಿಗರು ಇದನ್ನು ಗಮನಿಸಬೇಕು. ಹಿಮವಿದ್ದಾಗ ಅಂತರ ಇನ್ನೂ ಹೆಚ್ಚಿರಬೇಕೆಂದು ಬೇರೆ ಹೇಳಬೇಕಿಲ್ಲ: ಗಡ್ಡೆಗಟ್ಟಿದ ಜಾಡು ತಪ್ಪಿಸಲು ಸೈಕಲ್ಲು ಅರ್ಧ ಮೀಟರ್ ಅತ್ತಿತ್ತ ಸರಿಯುತ್ತಲೇ ಇರುತ್ತದೆ.

ಕಾರಿನ ಬಾಗಿಲನ್ನು ನೋಡದೆ ತೆರೆದು ಸೈಕಲ್ಲಿಗೆ ಹೊಡೆದರೆ ದಂಡ ಇನ್ನೂ ಜಾಸ್ತಿ, 300ರಿಂದ 1000 ಡಾಲರ್, ಮೂರು ಅಂಕ. ಇದಕ್ಕೆ ಡಚ್ಚರ ಉಪಾಯವೊಂದಿದೆ. ಬಾಗಿಲಿಗೆ ಹತ್ತಿರದ ಕೈಯಿಂದ ತೆರೆಯದೆ ದೂರದ ಕೈಯಿಂದ ಹಿಡಿಯನ್ನು ಎಳೆಯುವುದು. ಕೆನಡಾದಲ್ಲಿ ಎಡಗಡೆ ಕೂತ ಚಾಲಕ ಬಲಗೈ ಬಳಸಬೇಕು. ಆಗ ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಬಲಗಡೆ ಕೂರುವವರು ಎಡಗೈ ಬಳಸಿದರಾಯಿತು. ನಮ್ಮ ಸ್ಕೂಟರಿನವರೂ ಹರಸುತ್ತಾರೆ.

ಚಾಲಕರು ಅರಿಯದೆ ಮಾಡುವ ಇನ್ನೆರಡು ಉಪದ್ರವಗಳಿವೆ. ಗಾಜು ತೊಳೆಯುವ ದ್ರವವನ್ನು ಸೈಕಲ್ ದಾಟುವಾಗಲೇ ಚಿಮ್ಮಿಸಿದರೆ ಅದು ಕಾರಿನ ನೆತ್ತಿಯ ಮೇಲಿಂದ ಹಾರಿ ಸವಾರನ ಮುಖಕ್ಕೆ ಬೀಳುತ್ತದೆ. ಕರಗಿದ ಹಿಮದ ಕೆಸರಿನ ಗುಂಡಿಯಲ್ಲಿ ವೇಗವಾಗಿ ಹೋದರೆ ಅರ್ಧ ಬಕೆಟ್ ಉಪ್ಪುನೀರು ಸೈಕಲ್ಲಿನವರ ಮೈಮೇಲೆ. ಮೈನಸ್ ಐದರಲ್ಲಿ ಒದ್ದೆ ಬಟ್ಟೆ ಬರಿಯ ಕಿರಿಕಿರಿಯಲ್ಲ. ಬಲಕ್ಕೆ ತಿರುಗುವಾಗ ಬಲಭುಜದ ಮೇಲಿಂದ ಒಮ್ಮೆ ನೋಡಲೇಬೇಕು. ಗುಡ್ಡೆಯ ಮರೆಯಿಂದ ಸೈಕಲ್ ಬರುತ್ತಿರಬಹುದು, ಪಕ್ಕದ ಗಾಜು ಮಂಜಾಗಿದ್ದರೆ ಇಳಿಸಿ ನೋಡಬೇಕು.

ಸೈಕಲ್ಲಿನವರಿಗೂ ಕಾನೂನು ಉಂಟು. ಒಂಟಾರಿಯೊದಲ್ಲಿ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯೋದಯದ ಅರ್ಧ ಗಂಟೆ ನಂತರದವರೆಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಅಥವಾ ಪ್ರತಿಫಲಕ ಇರಲೇಬೇಕು. ಡಿಸೆಂಬರಿನಲ್ಲಿ ಇದು ಸಂಜೆ ನಾಲ್ಕೂ ಹತ್ತಕ್ಕೇ ಶುರು. ಮುಂದಿನ ಫೋರ್ಕಿಗೆ ಬಿಳಿ, ಹಿಂದಿನದಕ್ಕೆ ಕೆಂಪು ಹೊಳಪುಪಟ್ಟಿ, ಜತೆಗೆ ಗಂಟೆ. ಹದಿನೆಂಟು ತುಂಬದವರಿಗೆ ಹೆಲ್ಮೆಟ್ ಕಡ್ಡಾಯ, ಇ-ಬೈಕಿನವರಿಗೆ ಎಷ್ಟೇ ವಯಸ್ಸಾಗಿದ್ದರೂ ಕಡ್ಡಾಯ. ದೀಪದ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಮನೆಯೊಳಗೆ ಇಟ್ಟು ಹೊರಡುವಾಗ ಸಿಕ್ಕಿಸುವುದು ಒಳ್ಳೆಯದು. ಇ-ಬೈಕಿನ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗಿನ ತಂಪಿನಲ್ಲಿ ಚಾರ್ಜ್ ಮಾಡಲೇಬಾರದು. ಲೋಹದ ಮೊಳೆಗಳಿರುವ ಟೈರು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ದಕ್ಷಿಣ ಒಂಟಾರಿಯೊದ ಕಾರುಗಳಿಗೆ ಇಂಥ ಟೈರು ನಿಷಿದ್ಧ, ಸೈಕಲ್ಲಿಗೆ ಅಡ್ಡಿಯಿಲ್ಲ. ಕಾರಿಗಿಲ್ಲದ ಸೌಭಾಗ್ಯ ಸೈಕಲ್ಲಿಗೆ ಇದೊಂದೇ ಇರಬೇಕು. ಟೊರಾಂಟೊದ ಟ್ರಾಮ್ ಹಳಿಗಳಿಗೆ ಮಾತ್ರ ಮೊಳೆಯೂ ಮದ್ದಲ್ಲ. ಒದ್ದೆ ಹಳಿಯನ್ನು ಆದಷ್ಟು ನೇರ ಅಡ್ಡಕ್ಕೆ, ಬ್ರೇಕ್ ಒತ್ತದೆ, ತಿರುಗಿಸದೆ ದಾಟಬೇಕು. ಸೈಕಲ್ ಹಳಿ ದಾಟಲು ಎಡಕ್ಕೆ ಬಾಗುವುದನ್ನು ಕಂಡ ಚಾಲಕ ಆ ಎರಡು ಸೆಕೆಂಡು ಹಿಂದೆ ಉಳಿಯಬೇಕು.

ಪ್ಲೌ ಯಾರ ಪಾಲಿಗೆ ಮೊದಲು?

ಫಿನ್ಲೆಂಡಿನ ಔಲು ನಗರ ಉತ್ತರ ಧ್ರುವವೃತ್ತಕ್ಕೆ ಇನ್ನೇನು ಹತ್ತಿರ, 65 ಡಿಗ್ರಿ ಅಕ್ಷಾಂಶದಲ್ಲಿದೆ. ಸುಮಾರು ಎರಡು ಲಕ್ಷ ಜನ, 900 ಕಿಲೋಮೀಟರಿಗೂ ಹೆಚ್ಚು ಸೈಕಲ್ ದಾರಿ. ಅದರ ಬಹುಪಾಲನ್ನು ಚಳಿಗಾಲದಲ್ಲೂ ಬಳಸುವಂತೆ ಇಡುತ್ತಾರೆ. ಮುಖ್ಯ ಸೈಕಲ್ ದಾರಿಗಳ ಹಿಮವನ್ನು ಜನ ಶಾಲೆಗೆ, ಕೆಲಸಕ್ಕೆ ಹೊರಡುವ ಮುನ್ನವೇ ತೆಗೆಯುವುದು ಅಲ್ಲಿನ ರೂಢಿ. ಟಾರು ಕಾಣುವಂತೆ ಉಪ್ಪು ಸುರಿಯುವ ಬದಲು ಹಿಮವನ್ನು ಗಟ್ಟಿಯಾಗಿ ಒತ್ತಿ, ಹಲ್ಲಿರುವ ಬ್ಲೇಡಿನಿಂದ ಗೀರಿ, ಮೇಲೆ ಜಲ್ಲಿಪುಡಿ ಚೆಲ್ಲುತ್ತಾರೆ. ಮೈನಸ್ ಇಪ್ಪತ್ತರಲ್ಲೂ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದು ಈ ಊರಿನಲ್ಲೇ. ಅಲ್ಲಿನ ಚಾಲಕರು ಟೊರಾಂಟೊದವರಿಗಿಂತ ಸಾಧುಗಳಿರಲೂಬಹುದು. ಆದರೆ ಅವರ ಸಾಧುತನ ಪರೀಕ್ಷೆಗೆ ಬೀಳುವುದೇ ಅಪರೂಪ, ಏಕೆಂದರೆ ಸೈಕಲ್ಲಿಗೂ ಕಾರಿಗೂ ಒಂದೇ ಜಾಡು ಹಂಚಿಕೊಳ್ಳುವ ಪ್ರಮೇಯ ಕಡಿಮೆ.

ಟೊರಾಂಟೊದಲ್ಲಿ ಈ ಜಾಗದ ಜಗಳ ರಾಜಕೀಯಕ್ಕೂ ಏರಿತು. ಬ್ಲೂರ್ ರಸ್ತೆಯ ಸೈಕಲ್ ಲೇನು 2016ರಲ್ಲಿ ಪ್ರಯೋಗವಾಗಿ ಶುರುವಾಗಿ ಮರುವರ್ಷ ಕಾಯಂ ಆಯಿತು. 2024ರ ನವೆಂಬರ್‌ನಲ್ಲಿ ಒಂಟಾರಿಯೊ ಸರ್ಕಾರ ಬ್ಲೂರ್, ಯಂಗ್, ಯೂನಿವರ್ಸಿಟಿ ರಸ್ತೆಗಳ ಲೇನುಗಳನ್ನು ಕಿತ್ತುಹಾಕುವ ಕಾಯ್ದೆ ತಂದಿತು. 2025ರ ಜುಲೈನಲ್ಲಿ ಪ್ರಾಂತ್ಯದ ಸುಪೀರಿಯರ್ ನ್ಯಾಯಾಲಯ ಆ ತೆರವು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು, ಸರ್ಕಾರ ಮೇಲ್ಮನವಿಗೆ ಹೊರಟಿತು. ಹೊಸದಾಗಿ ಹೋದವರಿಗೆ ಇದರಲ್ಲಿ ಪಕ್ಷ ಹಿಡಿಯುವ ತುರ್ತಿಲ್ಲ. ಪ್ರತ್ಯೇಕ ಲೇನು ಇರುವ ರಸ್ತೆ ಯಾವುದು, ಅದರಲ್ಲಿ ಹಿಮ ತೆಗೆದಿದ್ದಾರೆಯೇ ಎಂಬುದನ್ನು ತಿಳಿದು ದಾರಿ ಗೊತ್ತುಮಾಡಿಕೊಂಡರೆ ಸಾಕು. ಹತ್ತು ನಿಮಿಷದ ಸುತ್ತು ಅಂಥ ದಿನ ದುಬಾರಿಯಲ್ಲ. ಲೇನಿನಲ್ಲಿ ಹಿಮ ಹಾಗೇ ಉಳಿದಿದ್ದರೆ ನಗರದ 311 ಸಂಖ್ಯೆಗೆ ದೂರು ಕೊಡಬಹುದು.

ಡಿಕ್ಕಿಯಾದರೆ

ಚಳಿಯಲ್ಲಿ ಬಿದ್ದವರು ನಾಚಿಕೆಯಿಂದಲೋ, ವೀಸಾದ ಭಯದಿಂದಲೋ ‘ಪರವಾಗಿಲ್ಲ’ ಎಂದು ಎದ್ದು ಹೋಗುವುದುಂಟು. ದಪ್ಪ ಬಟ್ಟೆಯ ಒಳಗಿನ ಪೆಟ್ಟು, ಚಳಿಗೆ ಜೋಮು ಹಿಡಿದ ಮೈಯ ನೋವು ಗೊತ್ತಾಗುವುದು ಮನೆಗೆ ಹೋಗಿ ಮೈ ಬೆಚ್ಚಗಾದ ಮೇಲೆ. ಹಾಗಾಗಿ ಮೊದಲು ರಸ್ತೆಯಿಂದ ಈಚೆಗೆ ಬಂದು ಕಾರಿನ ನಂಬರ್, ಚಾಲಕರ ಹೆಸರು, ವಿಮೆಯ ವಿವರ ಬರೆದುಕೊಳ್ಳಬೇಕು. ಫೋನಿನಲ್ಲಿ ಫೋಟೊ ತೆಗೆಯುವಾಗ ಕಾರಿನ ಗಾಜಿನ ಸ್ಥಿತಿ, ಹಿಮದ ಗುಡ್ಡೆ, ಸೈಕಲ್ಲಿನ ದೀಪ ಉರಿಯುತ್ತಿರುವುದು ಎಲ್ಲವೂ ಬರಲಿ. ಗಾಯವಾಗಿದ್ದರೆ 911.

ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಒಂಟಾರಿಯೊದಲ್ಲಿ ಕಾರು ಬಡಿದು ಗಾಯಗೊಂಡ ಸೈಕಲ್ ಸವಾರರಿಗೆ ತಮ್ಮದೇ ಕಾರು ವಿಮೆ ಇಲ್ಲದಿದ್ದರೂ, ತಪ್ಪು ಯಾರದೇ ಆಗಿದ್ದರೂ, ಆ ಕಾರಿನ ವಿಮೆಯಿಂದ ಚಿಕಿತ್ಸೆ ಮೊದಲಾದ ಸೌಲಭ್ಯ ಕೇಳುವ ಹಕ್ಕಿದೆ. ವಿಮಾ ಕಂಪನಿಗೆ ಏಳು ದಿನದೊಳಗೆ, ಅದಾಗದಿದ್ದರೆ ಸಾಧ್ಯವಾದಷ್ಟು ಬೇಗ ತಿಳಿಸಬೇಕು. ಪರಿಹಾರಕ್ಕೆ ಸಿವಿಲ್ ದಾವೆ ಹೂಡಿದರೆ, ಹೆದ್ದಾರಿ ಸಂಚಾರ ಕಾಯ್ದೆಯ 193ನೆಯ ಸೆಕ್ಷನ್ ಪ್ರಕಾರ ತನ್ನ ಅಜಾಗರೂಕತೆಯಿಂದ ಪೆಟ್ಟಾಗಿಲ್ಲ ಎಂದು ರುಜುವಾತು ಮಾಡುವ ಹೊಣೆ ವಾಹನ ಚಾಲಕನದು. ಊಟ ತಲುಪಿಸುವ ಕೆಲಸದಲ್ಲಿರುವವರು ಆ ಹೊತ್ತಿನಲ್ಲಿ ಯಾವ ಆ್ಯಪ್ ತೆರೆದಿತ್ತು, ಯಾವ ಆರ್ಡರ್ ಕೈಯಲ್ಲಿತ್ತು ಎಂಬುದರ ಸ್ಕ್ರೀನ್‌ಶಾಟನ್ನೂ ಅಂದೇ ತೆಗೆದಿಟ್ಟುಕೊಳ್ಳಬೇಕು, ವಾರ ಕಳೆದ ಮೇಲೆ ಹುಡುಕಿದರೆ ಸಿಗುತ್ತದೆಂಬ ಭರವಸೆಯಿಲ್ಲ.